ವಿಸ್ಕಿಗೆ ನೀರು ಹಾಕುವುದು ಹೇಗೆ?

ಮೊನ್ನೆ ಭಾವಮೈದ ಬಂದನೆಂದು ಅಮೃತ್ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) ತೆಗೆದೆ. ಲೋಟದ ತುಂಬ ಐಸ್ ಸುರಿದು, ಮೇಲೆ ಸೋಡಾ ಬಗ್ಗಿಸಿ, ಒಂದೇ ಗುಟುಕಿಗೆ ಅರ್ಧ ಇಳಿಸಿ, ‘ಏನೂ ವಿಶೇಷ ಇಲ್ಲವಲ್ಲ ಭಾವ’ ಎಂದ. ಹೊಟ್ಟೆ ಉರಿಯಿತು. ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಮಾಗಿಸುವ ಮರದ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾದರೆ, ಅಮೃತ್ ತಯಾರಾಗುವ ನಮ್ಮ ಬೆಂಗಳೂರಿನ ಮೈಸೂರು ರಸ್ತೆಯ ಕಂಬಿಪುರದಲ್ಲಿ ಶೇ 10ರಷ್ಟು ಹಾರಿಹೋಗುತ್ತದೆ. ಅಷ್ಟು ಕಳೆದುಕೊಂಡು ಉಳಿದದ್ದು ಅದು! 2004ರಲ್ಲಿ ಗ್ಲಾಸ್ಗೋದಲ್ಲೇ ಮೊದಲು ಮಾರಾಟಕ್ಕಿಳಿದ ಸರಕು.

ಲೋಟ: ಕೆಳಗೆ ಉಬ್ಬಿ ಬಾಯಿ ಕಿರಿದಾದ ಗಾಜಿನದು. ಸ್ಟೀಲ್ ಬೇಡವೇ ಬೇಡ. 30 ಅಥವಾ 60 ಮಿ.ಲೀ. ಹಾಕಿ.

ಇನ್ನು ನೀರು. ಎಲ್ಲರೂ ಎಡವುವುದು ಇಲ್ಲೇ. ಬೋರ್‌ವೆಲ್ ನೀರು ಗಡಸು, ನಾಲಿಗೆಗೆ ಉಪ್ಪುಪ್ಪು. ಕಾವೇರಿ ನಲ್ಲಿಯಲ್ಲಿ ಕೆಲವು ದಿನ ಕ್ಲೋರಿನ್ ಘಾಟು. ಫಿಲ್ಟರ್ ನೀರು ತೆಗೆದುಕೊಳ್ಳಿ, ಫ್ರಿಜ್ಜಿನದಲ್ಲ. ಮೊದಲು ಬಾಯಿ ತುಸು ತೆರೆದು, ಮೂಗನ್ನು ಲೋಟದೊಳಗೆ ತೂರಿಸದೆ ಅಂಚಿನ ಮೇಲೆ ಹಿಡಿದು ವಾಸನೆ ನೋಡಿ. ನೀರಿಲ್ಲದೆಯೇ ಒಂದು ಸಣ್ಣ ಗುಟುಕು. ನಾಲಿಗೆಯ ಮೇಲೆ ಹೊರಳಾಡಲಿ. ಆಮೇಲೆ ಟೀ ಚಮಚದಲ್ಲಿ ಕಾಲು ಭಾಗ ನೀರು ಬಿಡಿ. ಒಂದು ನಿಮಿಷ ಸುಮ್ಮನಿದ್ದು ಮತ್ತೆ ಮೂಸಿ. ಉರಿ ತಗ್ಗಿ ಹಣ್ಣು, ಮರ, ಹೊಗೆ ಒಂದೊಂದಾಗಿ ಮೇಲೇಳುತ್ತವೆ. ಹೊಗೆ ವಾಸನೆಯ ಗ್ವಾಯಕಾಲ್ ಎಂಬ ಅಂಶ ನೀರು ಬಿದ್ದಾಗ ಮೇಲ್ಮೈಗೆ ಬರುತ್ತದೆಂದು 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಶೇ 46 ಆಲ್ಕೋಹಾಲ್ ಇರುವ ವಿಸ್ಕಿ 60 ಮಿ.ಲೀ. ಇದ್ದರೆ, ಹೀಗೆ ಸ್ವಲ್ಪಸ್ವಲ್ಪವೇ ಹಾಕುತ್ತ ಹೋದ ಎರಡು ಟೀ ಚಮಚ ನೀರಿಗೆ ಸುಮಾರು ಶೇ 39ಕ್ಕೆ ಇಳಿಯುತ್ತದೆ. ನನ್ನ ಮಟ್ಟಿಗೆ ಅಲ್ಲಿಗೆ ಸಾಕು. ಹಾಕಿದ ನೀರನ್ನು ಹಿಂದಕ್ಕೆ ತೆಗೆಯಲಾಗದು, ನೆನಪಿರಲಿ.

ಐಸ್ ಬೇಕೇ ಬೇಕೆಂದರೆ ಟ್ರೇಯನ್ನೊಮ್ಮೆ ಮೂಸಿ. ನಮ್ಮ ಮನೆಯ ಐಸ್‌ಗೆ ಎರಡು ವಾರ ಮಲ್ಲಿಗೆ ವಾಸನೆ. ಹಬ್ಬದ ಹೂವಿನ ಪೊಟ್ಟಣ ಪಕ್ಕದಲ್ಲೇ ಇತ್ತು.

ಅಂದಹಾಗೆ, ಕಾಕಂಬಿ ಸ್ಪಿರಿಟ್‌ಗೆ ಬಣ್ಣ ಹಾಕಿದ ಅಗ್ಗದ ಕ್ವಾರ್ಟರ್‌ಗೆ ಈ ಮಡಿಯೆಲ್ಲ ಬೇಡ. ಅದಕ್ಕೆ ಸೋಡಾನೇ ಸರಿ.

ಕಾಕ್‌ಟೇಲ್‌ಗೆ ದುಬಾರಿ ಬಾಟಲಿ ಒಡೆಯಬೇಡಿ. ಒಂದು ಚಮಚ ಮಲೆನಾಡಿನ ಜೋನಿ ಬೆಲ್ಲವನ್ನು ಅಷ್ಟೇ ಬಿಸಿನೀರಲ್ಲಿ ಕದಡಿ, 60 ಮಿ.ಲೀ. ವಿಸ್ಕಿ, ಎರಡು ತೊಟ್ಟು ಬಿಟರ್ಸ್ (ಗಿಡಮೂಲಿಕೆಯ ಕಹಿ ಸಾರ), ದೊಡ್ಡದೊಂದು ಐಸ್ ಗಡ್ಡೆ ಹಾಕಿ ತಿರುಗಿಸಿ. ಕಿತ್ತಳೆ ಸಿಪ್ಪೆಯನ್ನು ಮೇಲೆ ಹಿಂಡಿದರೆ ಓಲ್ಡ್ ಫ್ಯಾಷನ್ಡ್ ಸಿದ್ಧ. ವಿಸ್ಕಿ ಸವರ್ ಎಂಬ ಹುಳಿ ಕಾಕ್‌ಟೇಲ್‌ಗೆ ನಿಂಬೆಹಣ್ಣು ಹಿಂಡಿ. ಪ್ಯಾಕೆಟ್ಟಿನ ಸವರ್ ಪುಡಿ ಜ್ವರದ ಸಿರಪ್ಪಿನಂತಿರುತ್ತದೆ.

ಅಡುಗೆಗೆ: ಏಲಕ್ಕಿ ಬಾಳೆಹಣ್ಣು ಸೀಳಿ ತುಪ್ಪದಲ್ಲಿ ಕೆಂಪಗೆ ಬಾಡಿಸಿ, ಬೆಲ್ಲ ಕರಗಿಸಿ. ಒಲೆ ಆರಿಸಿ, ಕಪ್ಪಿಗೆ ಅಳೆದಿಟ್ಟ 30 ಮಿ.ಲೀ. ವಿಸ್ಕಿ ಸುರಿದು ಮತ್ತೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಡಿ. ಉರಿಯುವ ಒಲೆಯ ಮೇಲೆ ಬಾಟಲಿ ಬಗ್ಗಿಸಿದರೆ ಬೆಂಕಿ ಬಾಟಲಿಯ ಬಾಯಿಗೇ ಹತ್ತೀತು. ಕುದಿಸಿದರೆ ಆಲ್ಕೋಹಾಲ್ ಪೂರ್ತಿ ಹೋಗುತ್ತದೆ ಎನ್ನುವವರನ್ನು ನಂಬಬೇಡಿ. ಹದಿನೈದು ನಿಮಿಷ ಕುದಿಸಿದ ಮೇಲೂ ಸುಮಾರು ಶೇ 40ರಷ್ಟು ಉಳಿದಿರುತ್ತದೆ. ಮಕ್ಕಳ ಪಾಲನ್ನು ವಿಸ್ಕಿ ಹಾಕುವ ಮೊದಲೇ ಬೇರೆ ತಟ್ಟೆಗೆ ತೆಗೆದಿಡಿ.