ಬೂದಿಯಾಗುವ ಮೊದಲೇ ನೀರು: ಇದ್ದಿಲಿನೊಂದಿಗೆ ನನ್ನ ಆರು ವರ್ಷಗಳು

ಕೊಯ್ಲು ಮುಗಿದ ಮೇಲೆ ಹೊಲದ ಕಸಕ್ಕೆ ಬೆಂಕಿ ಇಡುವುದು ನನಗೆ ಬಹುಕಾಲ ಸಹಜವಾದ ಕೆಲಸವಾಗಿತ್ತು. ಸವರಿದ ಕೊಂಬೆ, ಮೆಕ್ಕೆಜೋಳದ ದಂಟು, ದಿಂಡು, ಬೇಲಿಯ ಮುಳ್ಳುಕಡ್ಡಿ ಎಲ್ಲವನ್ನೂ ಒಂದು ಮೂಲೆಗೆ ಒಟ್ಟಿ ಸಂಜೆ ಕಡ್ಡಿ ಗೀರಿದರೆ ಬೆಳಗಾಗುವಷ್ಟರಲ್ಲಿ ಹೊಲ ಚೊಕ್ಕಟ. ಉಳಿಯುತ್ತಿದ್ದುದು ಒಂದೆರಡು ಬುಟ್ಟಿ ಬೂದಿ. ಆರು ವರ್ಷಗಳ ಹಿಂದೆ ಅಂಥದೇ ಒಂದು ರಾಶಿ ಧಗಧಗ ಉರಿಯುತ್ತಿದ್ದಾಗ ಇದ್ದಕ್ಕಿದ್ದಂತೆ ಜೋರು ಮಳೆ ಸುರಿಯಿತು. ಮರುದಿನ ಹೋಗಿ ಕೆದಕಿ ನೋಡಿದೆ. ತೆಳ್ಳನೆಯ ಬೂದಿಯ ಕೆಳಗೆ ಮೊಣಕಾಲುದ್ದ ಇದ್ದಿಲು, ಕಡ್ಡಿಯ ಆಕಾರ ಕೆಡದಂತೆ, ಕಪ್ಪಗೆ ಹೊಳೆಯುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿದ್ದರೂ ಆ ಒಂದು ವೃತ್ತದಲ್ಲಿ ಮಾತ್ರ ಹಸಿರು ನಿಂತಿತ್ತು.

ಅಲ್ಲಿಂದ ಶುರುವಾಯಿತು ನನ್ನ ಓದು ಮತ್ತು ಲೆಕ್ಕ. ಒಣ ಗಿಡದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಅದಷ್ಟನ್ನೂ ಗಿಡ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್‌ನಿಂದ ಪಡೆದದ್ದು. ರಾಶಿಗೆ ಬೆಂಕಿ ಇಟ್ಟರೆ ಒಂದೇ ರಾತ್ರಿಯಲ್ಲಿ ಅದು ಗಾಳಿಗೆ ಮರಳುತ್ತದೆ. ಕೊಳೆಯಲು ಬಿಟ್ಟರೆ ಮಣ್ಣಿನ ಜೀವಿಗಳಿಗೆ ಊಟವಾಗಿ ಕೆಲವು ವರ್ಷಗಳಲ್ಲಿ ಬಹುಪಾಲು ಮರಳುತ್ತದೆ. ಇದ್ದಿಲಾದರೆ ಮಾತ್ರ, ಆ ಇದ್ದಿಲಿನಲ್ಲಿ ಉಳಿದ ಇಂಗಾಲದ ಹೆಚ್ಚಿನ ಪಾಲು ನೂರಾರು ವರ್ಷ ಮಣ್ಣಿನಲ್ಲೇ ಇರುತ್ತದೆ, ಏಕೆಂದರೆ ಸುಟ್ಟು ಬಿಗಿದುಕೊಂಡ ಆ ಇಂಗಾಲವನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಜೀರ್ಣಿಸಿಕೊಳ್ಳಲಾರವು. ಅಮೆಜಾನ್ ಕಣಿವೆಯಲ್ಲಿ ಯುರೋಪಿಯನ್ನರು ಬರುವುದಕ್ಕಿಂತ ಬಹಳ ಮೊದಲು ಅಲ್ಲಿನ ಮೂಲನಿವಾಸಿಗಳು ಇದ್ದಿಲು, ಮೂಳೆ, ಮಡಕೆ ಚೂರು, ಮನೆಯ ಕಸ ಸೇರಿಸಿ ಮಾಡಿದ ಕಪ್ಪು ಮಣ್ಣು, ಅಂದರೆ ಟೆರ್ರಾ ಪ್ರೆಟಾ, ಇಂದಿಗೂ ಫಲವತ್ತಾಗಿದೆ. ಸುತ್ತಲಿನದು ಮಳೆಗೆ ಸಾರವೆಲ್ಲ ತೊಳೆದುಹೋದ ಬಡ ಮಣ್ಣು. ಇದನ್ನು ಓದಿದ ದಿನ ಗುದ್ದಲಿ ಹಿಡಿದು ಹೊರಟೆ.

ನನ್ನ ಒಲೆ ಎಂದರೆ ನೆಲದಲ್ಲಿ ತೋಡಿದ ಒಂದು ಹೊಂಡ, ಅಷ್ಟೇ. ಬಾಯಿ ಒಂದೂವರೆ ಮೀಟರ್ ಅಗಲ, ತಳ ಅರವತ್ತು ಸೆಂಟಿಮೀಟರ್, ಆಳ ಎಪ್ಪತ್ತೈದು. ಬದಿಗಳು ಲಾಳಿಕೆಯಂತೆ ಒಳಕ್ಕೆ ಇಳಿಜಾರಾಗಿರಬೇಕು. ಇದೇ ತತ್ವದಲ್ಲಿ ಲೋಹದ ಶಂಕುವಿನಾಕಾರದ ಒಲೆಯನ್ನು ಸ್ವಿಟ್ಜರ್‌ಲ್ಯಾಂಡಿನ ಇಥಾಕಾ ಸಂಸ್ಥೆಯವರು 2014ರಲ್ಲಿ ರೂಪಿಸಿ ಕೋನ್-ಟಿಕಿ ಎಂದು ಹೆಸರಿಟ್ಟರು. ಮಣ್ಣಿನ ಹೊಂಡದಲ್ಲೂ ಕೆಲಸ ಅದೇ.

ಸುಡುವ ಬಗೆಯನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಎಲ್ಲ ಒಳಿತು ಕೆಡುಕು ಇಲ್ಲೇ ತೀರ್ಮಾನವಾಗುತ್ತದೆ. ತಳದಲ್ಲಿ ಒಣ ಪುರಳೆಗಳನ್ನು ಚೌಕಾಕಾರವಾಗಿ ಅಡ್ಡಡ್ಡ ಪೇರಿಸಿ ತುದಿಗೆ ಬೆಂಕಿ ಹಚ್ಚಬೇಕು. ಬೆಂಕಿ ಮೇಲಿನಿಂದ ಕೆಳಗಿಳಿದು ಕೆಂಡದ ಹಾಸು ಸಿದ್ಧವಾದ ಮೇಲೆ ತೆಳುವಾಗಿ ಒಂದು ಪದರ ಕಡ್ಡಿ ಹರಡುತ್ತೇನೆ. ಕಾದ ಕಡ್ಡಿಯಿಂದ ಅನಿಲ ಹೊರಬಂದು ಮೇಲೆ ಜ್ವಾಲೆಯಾಗಿ ಉರಿಯುತ್ತದೆ. ಮೇಲಿನಿಂದ ಬರುವ ಆಮ್ಲಜನಕವನ್ನೆಲ್ಲ ಆ ಜ್ವಾಲೆಯೇ ಬಳಸಿಕೊಳ್ಳುತ್ತದೆ. ಕೆಳಗಿನಿಂದ ಗಾಳಿ ನುಗ್ಗಲು ದಾರಿಯಿಲ್ಲ, ಸುತ್ತ ಮಣ್ಣು. ಹೀಗೆ ಜ್ವಾಲೆಯ ಮುಚ್ಚಳದಡಿ ಇದ್ದಿಲು ಸುಟ್ಟುಹೋಗದೆ ಉಳಿಯುತ್ತದೆ. ಕಡ್ಡಿಯ ಮೈಮೇಲೆ ಬಿಳಿ ಬೂದಿಯ ಸಣ್ಣ ಪೊರೆ ಕಾಣಿಸಿದ ಕ್ಷಣವೇ ಮುಂದಿನ ಪದರ ಹಾಕಬೇಕು. ತಡವಾದರೆ ಇದ್ದಿಲು ಬೂದಿಯಾಗುತ್ತದೆ, ಅವಸರಪಟ್ಟರೆ ಜ್ವಾಲೆ ಉಸಿರುಗಟ್ಟಿ ಹೊಗೆ ಏಳುತ್ತದೆ. ಮೂರೂವರೆ ಗಂಟೆ ಹೊಂಡದ ಪಕ್ಕ ನಿಂತು ಆ ಬಿಳಿ ಪೊರೆಯನ್ನೇ ಕಾಯುವುದು ನನಗೆ ಈಗ ಅಭ್ಯಾಸವಾಗಿದೆ. ಮುಖ ಕಾಯುತ್ತದೆ, ಕಣ್ಣು ಮಾತ್ರ ಕದಲುವಂತಿಲ್ಲ.

ಹೊಂಡ ತುಂಬಿದ ಮೇಲೆ ನೀರು. ಸುಮಾರು ನಾನೂರು ಲೀಟರ್ ಬೇಕು. ಮೊದಲ ಬಿಂದಿಗೆ ಬಿದ್ದಾಗ ಚುಂಯ್ ಎಂದು ಬಿಳಿ ಆವಿ ಆಳೆತ್ತರ ಏಳುತ್ತದೆ, ಅದಕ್ಕೇ ಗಾಳಿಗೆ ಬೆನ್ನು ಕೊಟ್ಟು ನಿಂತೇ ಹೊಯ್ಯಬೇಕು. ಆಮೇಲೆ ಒಳಗಿನಿಂದ ಟಿಣ್ ಟಿಣ್ ಎಂಬ ಸದ್ದು ಕೇಳಿಸುತ್ತದೆ, ತೆಳು ಗಾಜು ಒಡೆದಂತೆ. ಚೆನ್ನಾಗಿ ಬೆಂದ ಇದ್ದಿಲಿನ ಗುರುತು ಅದು. ಇನ್ನೊಂದು ಪರೀಕ್ಷೆ ಅಂಗೈಯಲ್ಲಿದೆ. ಆರಿದ ಇದ್ದಿಲನ್ನು ಕೈಯಲ್ಲಿ ತಿಕ್ಕಿ ಬರೀ ನೀರಿನಲ್ಲಿ ತೊಳೆಯಬೇಕು. ಮಸಿ ಪೂರ್ತಿ ಹೋದರೆ ಸರಿ. ಜಿಡ್ಡು ಜಿಡ್ಡಾಗಿ ಅಂಟಿಕೊಂಡರೆ ಡಾಂಬರಿನಂಥ ಅಂಶ ಉಳಿದಿದೆ ಎಂದರ್ಥ, ಆ ಕಂತನ್ನು ಮಣ್ಣಿಗೆ ಹಾಕದೆ ಮುಂದಿನ ಬೆಂಕಿಗೆ ಹಾಕುತ್ತೇನೆ.

ಮೊದಲ ವರ್ಷ ನಾನು ಮಾಡಿದ ತಪ್ಪುಗಳು ಒಂದೆರಡಲ್ಲ. ಹಸಿ ಕೊಂಬೆಗಳನ್ನು ತಂದು ಸುರಿದೆ, ಇಡೀ ಮಧ್ಯಾಹ್ನ ದಟ್ಟ ಹೊಗೆ. ಹೊಗೆ ಎಂದರೆ ಕಣ್ಣುರಿ ಮಾತ್ರವಲ್ಲ, ಉರಿಯದೆ ತಪ್ಪಿಸಿಕೊಂಡ ಮೀಥೇನ್ ಕೂಡ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ನೋಡಿದರೆ ತೂಕಕ್ಕೆ ತೂಕ ಅದು ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ. ಭೂಮಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡು ಅಂಥ ಹೊಗೆ ಎಬ್ಬಿಸಿದ್ದು ನನಗೆ ಇಂದಿಗೂ ನೋವಿನ ನೆನಪು. ಈಗ ಬಗ್ಗಿಸಿದರೆ ಪಟ್ಟನೆ ಮುರಿಯುವ ಕಡ್ಡಿ ಮಾತ್ರ ಹೊಂಡಕ್ಕೆ ಹೋಗುತ್ತದೆ. ಇನ್ನೊಂದು ಸಲ ನೀರು ಸಾಲದೆ ಮೇಲ್ಮೇಲೆ ಆರಿಸಿ ಇದ್ದಿಲನ್ನು ಚೀಲಗಳಿಗೆ ತುಂಬಿ ಕೊಟ್ಟಿಗೆಯ ಗೋಡೆಗೆ ಒರಗಿಸಿದೆ. ನಡುರಾತ್ರಿ ವಾಸನೆಗೆ ಎಚ್ಚರವಾಯಿತು. ಎರಡು ಚೀಲಗಳು ಒಳಗೊಳಗೇ ಕೆಂಡವಾಗಿದ್ದವು. ದನಗಳಿಗೆ ಏನೂ ಆಗಲಿಲ್ಲ, ಅದು ನನ್ನ ಪುಣ್ಯ. ಅಂದಿನಿಂದ ಹೊಂಡದಲ್ಲೇ ಒಂದು ರಾತ್ರಿ ನೆನೆಯಲು ಬಿಡುತ್ತೇನೆ, ಮರುದಿನ ತಳದವರೆಗೆ ಕೈ ಹಾಕಿ ನೋಡಿ ತೆಗೆಯುತ್ತೇನೆ.

ಮೂರನೆಯ ತಪ್ಪು ಬೆಳೆಯನ್ನೇ ತಿಂದಿತು. ಹಸಿ ಇದ್ದಿಲನ್ನು ಹಾಗೆಯೇ ಸೊಪ್ಪಿನ ಮಡಿಗಳಿಗೆ ಸುರಿದು ಬೀಜ ಹಾಕಿದೆ. ಮೂರು ವಾರದಲ್ಲಿ ಎಲೆ ಹಳದಿ. ಪಕ್ಕದ ಹೊಲದ ಹಿರಿಯರು ಬದುವಿನ ಮೇಲೆ ನಿಂತು ನೋಡಿ, "ಏನಪ್ಪ, ಮಸಿ ಹಾಕಿ ಗಿಡ ಬೆಳೆಸುತ್ತೀಯಾ? ಮೊದಲು ಅದಕ್ಕೆ ಹೊಟ್ಟೆ ತುಂಬಿಸು" ಎಂದರು. ಅವರಿಗೆ ಇದ್ದಿಲಿನ ವಿಜ್ಞಾನ ಗೊತ್ತಿರಲಿಲ್ಲ, ತಿಪ್ಪೆಯ ಅನುಭವವಿತ್ತು. ಮಾತು ಅಕ್ಷರಶಃ ನಿಜ. ಇದ್ದಿಲು ತುಂಬ ಸೂಕ್ಷ್ಮ ರಂಧ್ರಗಳು. ಬರಿದಾದ ಇದ್ದಿಲು ಮಣ್ಣಿಗೆ ಬಿದ್ದರೆ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ಮೊದಲು ತಾನು ಹಿಡಿದಿಟ್ಟುಕೊಳ್ಳುತ್ತದೆ.

ಹಾಗಾಗಿ ಈಗ ಇದ್ದಿಲು ನೇರವಾಗಿ ಹೊಲಕ್ಕೆ ಹೋಗುವುದೇ ಇಲ್ಲ. ಒದ್ದೆಯಾಗಿರುವಾಗಲೇ ಬಟಾಣಿ ಗಾತ್ರಕ್ಕೆ ಕುಟ್ಟುತ್ತೇನೆ. ಒಣಗಿಸಿ ಕುಟ್ಟಿದರೆ ಏಳುವ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕುಟ್ಟಿದ್ದನ್ನು ಹೀರಿಕೊಳ್ಳುವಷ್ಟು ದನದ ಗಂಜಲದಲ್ಲಿ ಎರಡು ವಾರ ನೆನೆಸಿ, ಆಮೇಲೆ ಒಂದು ಬುಟ್ಟಿ ಇದ್ದಿಲಿಗೆ ಒಂಬತ್ತು ಬುಟ್ಟಿಯಂತೆ ಸಗಣಿ, ತರಗು, ಹಸಿ ಕಳೆ ಸೇರಿಸಿ ಕಾಂಪೋಸ್ಟ್ ರಾಶಿ ಮಾಡುತ್ತೇನೆ. ರಾಶಿಯ ಮೂಗು ಸುಡುವ ಅಮೋನಿಯಾ ವಾಸನೆ ಕಡಿಮೆಯಾದದ್ದು ನನಗೆ ಮೊದಲು ಕಂಡ ಲಾಭ. ಆ ವಾಸನೆ ಎಂದರೆ ಗಾಳಿಗೆ ಹಾರಿಹೋಗುವ ಸಾರಜನಕ, ಈಗ ಅದರ ಒಂದು ಪಾಲನ್ನು ಇದ್ದಿಲು ಹಿಡಿದಿಡುತ್ತದೆ. ಮೂರು ತಿಂಗಳಾದ ಮೇಲೆ ರಾಶಿ ಒಡೆದರೆ ಕಪ್ಪು ಚೂರುಗಳ ಮೈತುಂಬ ಬಿಳಿ ಶಿಲೀಂಧ್ರದ ಎಳೆಗಳು. ಹೊಸ ಕಂತು ಬಳಸುವ ಮೊದಲು ಒಂದು ಡಬ್ಬಿಯ ಅರ್ಧಕ್ಕೆ ಬರೀ ಮಣ್ಣು, ಇನ್ನರ್ಧಕ್ಕೆ ಇದ್ದಿಲು ಬೆರೆಸಿದ ಮಣ್ಣು ತುಂಬಿ ನಡುವೆ ಹತ್ತು ಎರೆಹುಳು ಬಿಡುತ್ತೇನೆ. ಎರಡು ದಿನ ಬಿಟ್ಟು ಎಣಿಸುತ್ತೇನೆ. ಹುಳುಗಳು ಇದ್ದಿಲಿನ ಕಡೆಯಿಂದ ಓಡಿಹೋಗಿದ್ದರೆ ನಾನೂ ಆ ಕಂತನ್ನು ಮುಟ್ಟುವುದಿಲ್ಲ.

ಹೊಲದ ತುಂಬ ಎರಚುವುದು ದಂಡ ಎಂಬುದು ನನ್ನ ಅಭಿಪ್ರಾಯ. ಬೇರು ಇರುವ ಕಡೆ ಮಾತ್ರ ಹಾಕಿದರೆ ಸ್ವಲ್ಪದರಲ್ಲೇ ಕೆಲಸವಾಗುತ್ತದೆ. ನೇಪಾಳದಲ್ಲಿ ದನದ ಗಂಜಲ ಹೀರಿಸಿದ ಇದ್ದಿಲನ್ನು ಹೆಕ್ಟೇರಿಗೆ 750 ಕೆಜಿಯಷ್ಟೇ ಬೇರಿನ ಬುಡಕ್ಕೆ ಕೊಟ್ಟು ಕುಂಬಳಕಾಯಿ ಬೆಳೆದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಬರೀ ಗಂಜಲ ಕೊಟ್ಟ ತಾಕಿಗಿಂತ ಇಳುವರಿ ನಾಲ್ಕು ಪಟ್ಟು. ನನಗೆ ಅಂಥ ಪವಾಡವೇನೂ ಆಗಲಿಲ್ಲ, ಎಲ್ಲರಿಗೂ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹುಳಿ ಮಣ್ಣು, ಮರಳು ಮಣ್ಣು, ಸಾರ ತೊಳೆದುಹೋದ ಮಣ್ಣಿನಲ್ಲಿ ಇದ್ದಿಲು ಚೆನ್ನಾಗಿ ಕೆಲಸ ಮಾಡುತ್ತದೆ. ಈಗಾಗಲೇ ಫಲವತ್ತಾದ ನೆಲದಲ್ಲಿ ವ್ಯತ್ಯಾಸ ಕಾಣದೇ ಇರಬಹುದು. ಇದ್ದಿಲಿನ ಜೊತೆ ಬರುವ ಬೂದಿ ಕ್ಷಾರೀಯ. ನನ್ನ ಹೊಲದ ಒಂದು ಮೂಲೆಯ ರಸಸಾರ (pH) ಮೊದಲೇ 8ರ ಮೇಲಿದೆ, ಅಂದರೆ ಅಲ್ಲಿನ ಮಣ್ಣೇ ಕ್ಷಾರೀಯ, ಆ ಮೂಲೆಗೆ ನಾನು ಒಂದು ಹಿಡಿಯನ್ನೂ ಹಾಕಿಲ್ಲ.

ಫಲವನ್ನು ಅಳೆಯುವುದರಲ್ಲೂ ಒಂದು ತೊಡಕಿದೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ನೋಡಲು ಸಾಮಾನ್ಯವಾಗಿ ಬಳಸುವ ರಾಸಾಯನಿಕ ವಿಧಾನ ಇದ್ದಿಲಿನ ಇಂಗಾಲವನ್ನು ಪೂರ್ತಿ ಹಿಡಿಯುವುದಿಲ್ಲ. ಅಷ್ಟು ಹಠಮಾರಿ ಇಂಗಾಲ ಅದು. ನಾನು ನಂಬಿರುವುದು ಒಂದು ಕಬ್ಬಿಣದ ಬಳೆಯನ್ನು. ಹದಿನೈದು ಸೆಂಟಿಮೀಟರ್ ವ್ಯಾಸದ ಬಳೆಯನ್ನು ನೆಲಕ್ಕೆ ಬಡಿದು, ಒಳಗೆ 444 ಮಿಲಿಲೀಟರ್ ನೀರು ಹೊಯ್ದು, ಅದು ಇಂಗಲು ಎಷ್ಟು ಹೊತ್ತು ಬೇಕು ಎಂದು ನೋಡುವುದು. ಅಷ್ಟು ನೀರು ಎರಡೂವರೆ ಸೆಂಟಿಮೀಟರ್ ಮಳೆಗೆ ಸಮ. ಮೊದಲ ವರ್ಷ ಮೇಲಿನ ತಾಕಿನಲ್ಲಿ ಹತ್ತೊಂಬತ್ತು ನಿಮಿಷ ಬೇಕಾಗಿತ್ತು. ಕಳೆದ ಸಲ ಆರು ನಿಮಿಷ. ಈ ಗೌರವವೆಲ್ಲ ಇದ್ದಿಲಿನದಲ್ಲ. ಅದೇ ವರ್ಷಗಳಲ್ಲಿ ನೇಗಿಲು ಕಡಿಮೆ ಮಾಡಿದೆ, ಬೆಳೆಗಳ ನಡುವೆ ದ್ವಿದಳದ ಹೊದಿಕೆ ಬೆಳೆ ಹಾಕಿದೆ, ನೆಲವನ್ನು ಬೆತ್ತಲೆ ಬಿಡಲಿಲ್ಲ. ಇದ್ದಿಲು ಮನೆ ಕಟ್ಟಿಕೊಡುತ್ತದೆ, ಅದರಲ್ಲಿ ಬಾಳುವ ಜೀವಿಗಳಿಗೆ ಅನ್ನ ಹಾಕುವುದು ಬದುಕಿರುವ ಬೇರು ಮತ್ತು ಕೊಳೆಯುವ ಎಲೆ. ಅದಕ್ಕಾಗಿ ಕಸವನ್ನೆಲ್ಲ ನಾನು ಹೊಂಡಕ್ಕೆ ತಳ್ಳುವುದಿಲ್ಲ. ಮೆತ್ತನೆಯದು, ಹಸಿರಾದದ್ದು ಮುಚ್ಚಿಗೆಗೆ. ಗಟ್ಟಿಯಾದದ್ದು, ಬೇಗ ಕೊಳೆಯದ್ದು ಮಾತ್ರ ಬೆಂಕಿಗೆ. ಇದ್ದಿಲಿಗಾಗಿ ಒಂದೇ ಒಂದು ಮರ ಕಡಿದರೂ ಈ ಕೆಲಸದ ಅರ್ಥವೇ ಕೆಡುತ್ತದೆ.

ಲೆಕ್ಕದ ಪುಸ್ತಕದಿಂದ ಒಂದು ಪುಟ. ಒಂದು ಹೊಂಡಕ್ಕೆ ಸುಮಾರು 400 ಕೆಜಿ ಒಣ ಕಡ್ಡಿ ಹೋಗುತ್ತದೆ, ಒಣಗಿಸಿ ತೂಗಿದರೆ 80 ಕೆಜಿ ಇದ್ದಿಲು ಸಿಗುತ್ತದೆ. ಅದರಲ್ಲಿ 80 ಶೇಕಡಾ ಇಂಗಾಲ ಎಂದು ಹಿಡಿದರೆ 64 ಕೆಜಿ. ಇಂಗಾಲ 12 ಭಾಗವಿದ್ದರೆ ಅದರ ಡೈಆಕ್ಸೈಡ್ 44 ಭಾಗ. ಹಾಗಾಗಿ ಒಂದು ಹೊಂಡ ಗಾಳಿಗೆ ಮರಳದಂತೆ ತಡೆದದ್ದು ಸುಮಾರು 235 ಕೆಜಿ ಇಂಗಾಲದ ಡೈಆಕ್ಸೈಡ್. ಕಳೆದ ವರ್ಷ ಹದಿನಾಲ್ಕು ಹೊಂಡ ಸುಟ್ಟೆ, 3.3 ಟನ್ ಆಯಿತು. ಹೊಗೆಯ ಪಾಲನ್ನು ಕಳೆದರೆ ಇನ್ನಷ್ಟು ಕಡಿಮೆ. ಕಡ್ಡಿಯಲ್ಲಿದ್ದ ಇಂಗಾಲದ ಮೂರನೇ ಒಂದು ಪಾಲು ಮಾತ್ರ ನನಗೆ ದಕ್ಕುತ್ತಿದೆ ಎಂಬುದೂ ಗೊತ್ತಿದೆ. ಮೇಲೆ ಉರಿದುಹೋಗುವ ಆ ಅನಿಲದ ಶಾಖವನ್ನು ಬಳಸಿಕೊಳ್ಳಲಾಗದ್ದಕ್ಕೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಹೊಂಡದ ಬಾಯಿಯ ಪಕ್ಕ ಕೊಳವೆ ಹಾಯಿಸಿ ನೀರು ಕಾಯಿಸುವ ಒಂದು ಪ್ರಯತ್ನ ನಡೆದಿದೆ, ಇನ್ನೂ ಹದಕ್ಕೆ ಬಂದಿಲ್ಲ.

ಜಗತ್ತು ಪಳೆಯುಳಿಕೆ ಇಂಧನದಿಂದ ವರ್ಷಕ್ಕೆ 3,500 ಕೋಟಿ ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಗುಳುತ್ತಿದೆ. ಅದರ ಮುಂದೆ ನನ್ನ ಮೂರು ಟನ್ ಎಷ್ಟರದು ಎಂದು ಕೇಳುವವರಿದ್ದಾರೆ. ಹೊಗೆ ಉಗುಳುವುದನ್ನು ನಿಲ್ಲಿಸದೆ ಬರೀ ಇದ್ದಿಲು ಹೂತು ಯಾರೂ ಪಾರಾಗಲಾರರು, ಅದನ್ನು ಒಪ್ಪುತ್ತೇನೆ. ಆದರೆ ಭೂಮಿಯ ಮಣ್ಣಿನಲ್ಲಿರುವ ಇಂಗಾಲ, ಗಾಳಿಯಲ್ಲಿರುವುದನ್ನೂ ಎಲ್ಲ ಗಿಡಮರಗಳಲ್ಲಿರುವುದನ್ನೂ ಕೂಡಿಸಿದರೂ ಅದಕ್ಕಿಂತ ಹೆಚ್ಚು. ಅಷ್ಟು ದೊಡ್ಡ ಕಣಜಕ್ಕೆ ಹೊಲ ಇರುವ ಪ್ರತಿಯೊಬ್ಬರ ಕೈಯಲ್ಲೂ ಒಂದು ಬಾಗಿಲಿದೆ. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ 2018ರ ವರದಿಯಲ್ಲಿ ಗಾಳಿಯಿಂದ ಇಂಗಾಲ ತೆಗೆಯುವ ದಾರಿಗಳಲ್ಲಿ ಇದ್ದಿಲನ್ನೂ ಸೇರಿಸಿತು. ಐಸ್‌ಲ್ಯಾಂಡಿನಲ್ಲಿ ಇಂಗಾಲದ ಡೈಆಕ್ಸೈಡ್ ಅನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಬಂಡೆಯೊಳಗೆ ಇಳಿಸಿ ಎರಡೇ ವರ್ಷಗಳಲ್ಲಿ ಅದರ ಬಹುಪಾಲನ್ನು ಕಲ್ಲಾಗಿಸಿದ್ದಾರೆ. ಅಂಥ ಕೆಲಸವೂ ಬೇಕು, ಅದು ದೊಡ್ಡ ಯಂತ್ರಗಳ ಕೆಲಸ. ಹೊಂಡಕ್ಕೆ ಬೇಕಾದದ್ದು ಗುದ್ದಲಿ, ನೀರು, ಒಂದು ಮಧ್ಯಾಹ್ನದ ತಾಳ್ಮೆ.

ಮೊದಲ ಸಲ ಸುಡುವವರಿಗೆ ಎರಡು ಮಾತು. ಗಾಳಿ ಬೀಸುವ ದಿನ ಬೇಡವೇ ಬೇಡ, ಸುತ್ತ ಐದು ಮೀಟರ್ ಒಣ ಹುಲ್ಲು ಕಿತ್ತು, ನೀರು ಎದುರಿಗೆ ತುಂಬಿಟ್ಟುಕೊಂಡ ಮೇಲೆಯೇ ಕಡ್ಡಿ ಗೀರಿ. ಬಣ್ಣ ಬಳಿದ ಮರ, ಪ್ಲೈವುಡ್, ಪ್ಲಾಸ್ಟಿಕ್ ತುಣುಕು ಒಂದೂ ಹೊಂಡಕ್ಕೆ ಬೀಳಬಾರದು, ಅದರ ವಿಷ ನೇರ ನಿಮ್ಮ ಮಣ್ಣಿಗೇ ಬರುತ್ತದೆ.

ಬದುವಿನ ಮೇಲೆ ನಿಂತು ಗದರಿದ ಆ ಹಿರಿಯರು ಹೋದ ತಿಂಗಳು ತಾವೇ ಒಂದು ಹೊರೆ ಸವರಿದ ಕೊಂಬೆ ತಂದು ನನ್ನ ಚಪ್ಪರದಡಿ ಇಳಿಸಿದರು. ಒಂದನ್ನು ಎತ್ತಿ ಬಗ್ಗಿಸಿದೆ, ಮುರಿಯದೆ ಬಾಗಿತು. "ಇನ್ನೂ ಮೂರು ವಾರ ಒಣಗಬೇಕು" ಎಂದೆ. "ಒಣಗಲಿ ಬಿಡು, ಅಷ್ಟರಲ್ಲಿ ನನ್ನ ಹೊಲದಲ್ಲಿ ಹೊಂಡ ಎಲ್ಲಿ ತೋಡಬೇಕು ಎಂದು ಬಂದು ತೋರಿಸು" ಎಂದರು.