ಗೆಳೆಯರು ಕೊಟ್ಟ ವಿಡಿಯೊ ಕ್ಯಾಸೆಟ್‌ಗಳು: ಪ್ಲೇ ಒತ್ತುವುದಕ್ಕೆ ಮೊದಲಿನ ಕೆಲಸ

ನನ್ನ ಕಪಾಟಿನಲ್ಲಿರುವ ವಿಎಚ್‌ಎಸ್ ಕ್ಯಾಸೆಟ್‌ಗಳಲ್ಲಿ ನಾನು ಹಣ ಕೊಟ್ಟು ತಂದದ್ದು ಒಂದೂ ಇಲ್ಲ. ಮನೆ ಬದಲಿಸುತ್ತಿದ್ದ ಗೆಳೆಯನೊಬ್ಬ, 'ನಿನ್ನ ಬಳಿ ಇನ್ನೂ ವಿಸಿಆರ್ ಇದೆಯಲ್ಲ, ಇವನ್ನು ಇಟ್ಟುಕೋ, ಇಲ್ಲವಾದರೆ ಎಸೆಯಬೇಕಾಗುತ್ತದೆ' ಎಂದು ಒಂದು ಚೀಲ ತುಂಬ ಕ್ಯಾಸೆಟ್‌ಗಳನ್ನು ಕೊಟ್ಟುಹೋದ. ಆ ಸುದ್ದಿ ಉಳಿದ ಗೆಳೆಯರಿಗೆ ತಲುಪಿದ ಮೇಲೆ ನಾನು ಕೇಳುವ ಅಗತ್ಯವೇ ಬೀಳಲಿಲ್ಲ. ಕೊಂಡು ತರುವ ಸಂಗ್ರಾಹಕನು ಆರಿಸಿಕೊಳ್ಳುತ್ತಾನೆ. ಉಡುಗೊರೆಯಾಗಿ ಪಡೆಯುವವನು ಬಂದದ್ದನ್ನು ಬಂದ ಸ್ಥಿತಿಯಲ್ಲೇ ಸ್ವೀಕರಿಸಬೇಕು. ಕೊಡುವವರಿಗೆ ಆ ಕ್ಯಾಸೆಟ್ಟಿನೊಳಗೆ ಏನಿದೆ ಎಂಬುದು ಅನೇಕ ವೇಳೆ ನೆನಪಿರುವುದಿಲ್ಲ, ಅದು ಯಾವ ಸ್ಥಿತಿಯಲ್ಲಿದೆ ಎಂಬುದಂತೂ ತಿಳಿದೇ ಇರುವುದಿಲ್ಲ. ಆದ್ದರಿಂದ ನನ್ನ ಹವ್ಯಾಸದ ಬಹುಭಾಗ ಕಳೆಯುವುದು ಪರದೆಯ ಮುಂದೆ ಅಲ್ಲ, ಮೇಜಿನ ಮೇಲಿನ ದೀಪದ ಕೆಳಗೆ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಮೊದಲ ಚೀಲದ ಎರಡು ಕ್ಯಾಸೆಟ್‌ಗಳು ಚೆನ್ನಾಗಿಯೇ ಓಡಿದವು. ಮೂರನೆಯದರ ಕಿಟಕಿಯಲ್ಲಿ, ಸುತ್ತಿದ ಟೇಪಿನ ಮೇಲೆ, ಬಿಳಿಯ ಪುಡಿ ಎರಚಿದಂತೆ ಕಾಣುತ್ತಿತ್ತು. ಧೂಳಿರಬಹುದೆಂದು ಒಳಗೆ ತಳ್ಳಿದೆ. ಕೆಲವೇ ಕ್ಷಣಗಳಲ್ಲಿ ಚಿತ್ರ ಹೋಗಿ ಪರದೆಯ ತುಂಬ ಚುಕ್ಕೆಗಳ ಮಳೆ ಸುರಿಯತೊಡಗಿತು. ಅದನ್ನು ಹೊರತೆಗೆದು, ಯಂತ್ರವನ್ನು ಪರೀಕ್ಷಿಸಲೆಂದು ಹಿಂದೆ ಸರಿಯಾಗಿ ಓಡಿದ್ದ ಕ್ಯಾಸೆಟ್ಟನ್ನೇ ಮತ್ತೆ ಹಾಕಿದೆ. ಅಲ್ಲಿಗೆ ತಪ್ಪು ಇಮ್ಮಡಿಯಾಯಿತು. ಆ ಮೂರನೆಯದರಲ್ಲಿದ್ದದ್ದು ಧೂಳಲ್ಲ, ಬೂಷ್ಟು. ಅದು ಟೇಪಿನಿಂದ ಚಿತ್ರವನ್ನು ಓದುವ ಹೆಡ್ಡಿಗೂ ಟೇಪು ಹಾದುಹೋಗುವ ಕಂಬಗಳಿಗೂ ಮೆತ್ತಿಕೊಂಡು, ಅಲ್ಲಿಂದ ಆರೋಗ್ಯವಾಗಿದ್ದ ಟೇಪಿಗೆ ಅಂಟಿತು; ಜೊತೆಗೆ ಅದರ ಉದ್ದಕ್ಕೂ ಒಂದು ಗೀರೂ ಬಿತ್ತು. ರೋಗ ಟೇಪಿನದು, ಆದರೆ ಅದನ್ನು ಹರಡಿದ್ದು ನನ್ನ ಯಂತ್ರ. ಅಂದಿನಿಂದ, ಕೊಟ್ಟವರು ಎಷ್ಟೇ ಆಪ್ತರಾಗಿರಲಿ, ಅವರ ಕ್ಯಾಸೆಟ್ ಪರೀಕ್ಷೆಯಾಗದೆ ವಿಸಿಆರ್ ಬಾಯಿಗೆ ಹೋಗುವುದಿಲ್ಲ.

ಪರೀಕ್ಷೆ ಸರಳವಾದದ್ದು. ಮೊದಲು ಕಿಟಕಿಯ ಮೂಲಕ ಟಾರ್ಚನ್ನು ಓರೆಯಾಗಿ ಹಿಡಿದು ಟೇಪಿನ ಸುರುಳಿಯ ಅಂಚನ್ನು ನೋಡುತ್ತೇನೆ. ಅದು ಕಪ್ಪಾಗಿ, ನುಣುಪಾಗಿ, ಒಂದೇ ಸಮನಾಗಿ ಹೊಳೆಯಬೇಕು. ಬಿಳಿ ಅಥವಾ ಬೂದು ಬಣ್ಣದ ಮಚ್ಚೆಗಳಿದ್ದರೆ ಬೂಷ್ಟೆಂದೇ ತಿಳಿಯುತ್ತೇನೆ. ಮುಗ್ಗಲು ವಾಸನೆ ಬಂದರೆ ಮಚ್ಚೆ ಕಾಣದಿದ್ದರೂ ಅನುಮಾನಿಸುತ್ತೇನೆ. ಬಳಿಕ ಮೆಲ್ಲಗೆ ಅಲ್ಲಾಡಿಸಿ ಒಳಗೆ ಮುರಿದ ಪ್ಲಾಸ್ಟಿಕ್ ಚೂರುಗಳ ಸದ್ದಿದೆಯೇ ಎಂದು ಕೇಳುತ್ತೇನೆ. ಕೊನೆಗೆ, ಬದಿಯಲ್ಲಿರುವ ಸಣ್ಣ ಗುಂಡಿಯನ್ನು ಒತ್ತಿ ಮುಂಭಾಗದ ಮುಚ್ಚಳವನ್ನು ಎತ್ತಿದರೆ ಟೇಪು ನೇರವಾಗಿ ಕಾಣುತ್ತದೆ. ಅದನ್ನು ಬೆರಳಿನಿಂದ ಮುಟ್ಟುವಂತಿಲ್ಲ. ನೋಡಬೇಕಾದದ್ದು ಅಂಚುಗಳು ಮಡಚಿವೆಯೇ ಎಂಬುದನ್ನು. 12.7 ಮಿಲಿಮೀಟರ್ ಅಗಲದ ಆ ಪಟ್ಟಿಯಲ್ಲಿ ಚಿತ್ರವಿರುವುದು ನಡುಭಾಗದಲ್ಲಿ, ಓರೆ ಗೆರೆಗಳಾಗಿ. ಮೇಲಿನ ಅಂಚಿನಲ್ಲಿ ಸಾಮಾನ್ಯ ಧ್ವನಿಪಥವಿದ್ದರೆ, ಕೆಳಗಿನ ಅಂಚಿನಲ್ಲಿ ಆ ಓರೆ ಗೆರೆಗಳ ಮೇಲೆ ಹೆಡ್ಡು ಸರಿಯಾಗಿ ಕೂರುವಂತೆ ಟೇಪಿನ ಓಟವನ್ನು ಹೊಂದಿಸುವ ನಿಯಂತ್ರಣ ಸಂಕೇತವಿರುತ್ತದೆ. ಹೀಗಾಗಿ ಮೇಲಂಚು ಸುಕ್ಕಾಗಿದ್ದರೆ ಧ್ವನಿ ಕೆಡುತ್ತದೆ. ಕೆಳಗಿನದು ಸುಕ್ಕಾಗಿದ್ದರೆ ಚಿತ್ರವೇ ನಿಲ್ಲುವುದಿಲ್ಲ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಉಳಿದವುಗಳಿಂದ ದೂರವಿಡುತ್ತೇನೆ. ಅನಂತರ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿರುವ ಡಬ್ಬಿಯಲ್ಲಿ ಕೆಲವು ವಾರ ಬಿಡುತ್ತೇನೆ. ಹಸಿಯಾಗಿರುವ ಬೂಷ್ಟನ್ನು ಒರೆಸಲು ಹೋದರೆ ಅದು ಟೇಪಿಗೆ ಬಳಿದಂತಾಗುತ್ತದೆ. ಒಣಗಿದ್ದು ಪುಡಿಯಾಗಿ ಉದುರುತ್ತದೆ. ಒಣಗಿದ ಮೇಲೆ ಕೈಗವಸು, ಮುಖಗವಸು ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ಕುಳಿತು, ಇದಕ್ಕೆಂದೇ ಮೀಸಲಿಟ್ಟ ಹಳೆಯ ರಿವೈಂಡರಿನಲ್ಲಿ, ಎಳೆ ಬಿಡದ ಮೃದುವಾದ ಬಟ್ಟೆಯನ್ನು ಟೇಪಿನ ಎರಡೂ ಬದಿಗೆ ಹಗುರವಾಗಿ ತಾಗಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿಸುತ್ತೇನೆ. ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸಬೇಕು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರ್ ಟೇಪಿರುತ್ತದೆ. ಅಷ್ಟನ್ನೂ ಎರಡು ಮೂರು ಬಾರಿ ಒರೆಸುವಷ್ಟರಲ್ಲಿ ಒಂದು ಮಧ್ಯಾಹ್ನ ಮುಗಿದಿರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಅಂಥ ಕ್ಯಾಸೆಟ್ಟನ್ನು ಓಡಿಸುವುದು ನನ್ನ ಮೂರು ವಿಸಿಆರ್‌ಗಳಲ್ಲಿ ಅತ್ಯಂತ ಹಳೆಯದರಲ್ಲಿ ಮಾತ್ರ.

ಕವಚ ಒಡೆದಿದ್ದರೆ ಅಥವಾ ಟೇಪು ತುದಿಯಲ್ಲಿ ಕಿತ್ತುಹೋಗಿದ್ದರೆ ಬಿಚ್ಚದೆ ವಿಧಿಯಿಲ್ಲ. ಕೆಳಗಿನ ಐದು ಸ್ಕ್ರೂಗಳನ್ನು ತೆಗೆದರೆ ಕವಚ ಎರಡು ಹೋಳಾಗುತ್ತದೆ ಎನ್ನುವುದು ಸರಿ, ಆದರೆ ಬೆನ್ನಿನ ಮೇಲಿನ ಲೇಬಲ್ ಎರಡೂ ಹೋಳುಗಳನ್ನು ಹಿಡಿದುಕೊಂಡಿರುತ್ತದೆ. ಉಡುಗೊರೆಯ ಕ್ಯಾಸೆಟ್ಟಿನಲ್ಲಿ ಆ ಲೇಬಲ್ಲಿನ ಮೇಲೆ ಗೆಳೆಯನ ಅಕ್ಷರವೋ, ಅವನ ತಾಯಿಯ ಅಕ್ಷರವೋ ಇರುತ್ತದೆ. ಅದನ್ನು ಹರಿಯಲು ನನಗೆ ಮನಸ್ಸಾಗುವುದಿಲ್ಲ. ಮೊದಲು ಫೋಟೊ ತೆಗೆದು, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ದೂರದಿಂದ ತುಸುವೇ ಹಾಯಿಸಿ ಅಂಚಿನಿಂದ ಬಿಡಿಸಲು ಪ್ರಯತ್ನಿಸುತ್ತೇನೆ. ಬಿಡದಿದ್ದರೆ ಕವಚದ ಕೂಡುಗೆರೆಯ ಮೇಲೆಯೇ ಬ್ಲೇಡು ಎಳೆಯುತ್ತೇನೆ. ಮತ್ತೆ ಮುಚ್ಚಿದಾಗ ಕೊಯ್ದದ್ದು ಕಾಣುವುದಿಲ್ಲವೆಂದು ಹೇಳಲಾರೆ.

ತುದಿಯನ್ನು ಜೋಡಿಸುವಾಗ ಮರೆಯಬಾರದ ಒಂದು ಸಂಗತಿಯಿದೆ. ಟೇಪಿನ ಎರಡೂ ಕೊನೆಗಳಲ್ಲಿ ಪಾರದರ್ಶಕವಾದ ಒಂದು ಪಟ್ಟಿಯಿರುತ್ತದೆ. ಕ್ಯಾಸೆಟ್ ಒಳಗೆ ಕುಳಿತಾಗ ಅದರ ತಳದ ರಂಧ್ರದೊಳಕ್ಕೆ ಯಂತ್ರದ ದೀಪವೊಂದು ಬಂದು ನಿಲ್ಲುತ್ತದೆ. ಕಪ್ಪು ಟೇಪು ಆ ಬೆಳಕನ್ನು ತಡೆಯುತ್ತದೆ, ಪಾರದರ್ಶಕ ಪಟ್ಟಿ ಬಂದಾಗ ಬೆಳಕು ಬದಿಯಲ್ಲಿರುವ ಸಂವೇದಕವನ್ನು ತಲುಪುತ್ತದೆ, ಆಗ ಯಂತ್ರ ನಿಲ್ಲುತ್ತದೆ. ಹಾಳಾದ ತುದಿಯನ್ನು ಕತ್ತರಿಸುವ ಉತ್ಸಾಹದಲ್ಲಿ ಆ ಪಟ್ಟಿಯನ್ನೂ ಎಸೆದವರ ಕ್ಯಾಸೆಟ್ಟೊಂದು ನನಗೆ ಬಂದಿತ್ತು. ಕೊನೆ ಬಂದದ್ದು ಯಂತ್ರಕ್ಕೆ ತಿಳಿಯದೆ, ಅದು ರಿವೈಂಡ್ ಆಗುವಾಗ ಸುರುಳಿಯಿಂದ ಟೇಪನ್ನು ಕಿತ್ತೇ ನಿಲ್ಲುತ್ತಿತ್ತು. ಜೋಡಣೆಗೆ ಅದಕ್ಕೆಂದೇ ಇರುವ ಸ್ಪ್ಲೈಸಿಂಗ್ ಟೇಪನ್ನೇ ಬಳಸಬೇಕು. ಸಾಮಾನ್ಯ ಅಂಟುಪಟ್ಟಿಯ ಅಂಟು ಹೊರಗೆ ಹರಿದು ಹೆಡ್ಡಿಗೆ ಮೆತ್ತುತ್ತದೆ.

ಹೆಡ್ಡಿನ ಕಾಳಜಿಗೆ ಇನ್ನೊಂದು ಕಾರಣವೂ ಇದೆ. 1976ರಲ್ಲಿ ಜಪಾನಿನ ಜೆವಿಸಿ ಹೊರತಂದ ಈ ವಿಎಚ್‌ಎಸ್ ಪದ್ಧತಿಯ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನೈ ಕಂಪನಿ 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಈಗ ಹೆಡ್ಡು ಹೋದರೆ ಮತ್ತೊಂದು ಹಳೆಯ ಯಂತ್ರವನ್ನು ಬಿಚ್ಚಬೇಕು. ಹೆಡ್ಡುಗಳನ್ನು ಹೊತ್ತು ತಿರುಗುವ 62 ಮಿಲಿಮೀಟರ್ ವ್ಯಾಸದ ಡ್ರಮ್ಮು, ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ, ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಟೇಪು ಸೆಕೆಂಡಿಗೆ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಸಾಗುತ್ತಿದ್ದರೂ ಅದರ ಮೇಲೆ ಹೆಡ್ಡು ಉಜ್ಜುವ ವೇಗ ಸೆಕೆಂಡಿಗೆ ಐದು ಮೀಟರಿಗೆ ಹತ್ತಿರವಿರುತ್ತದೆ. ಸ್ವಚ್ಛಗೊಳಿಸುವಾಗ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಚರ್ಮದ ತುಂಡನ್ನು ಡ್ರಮ್ಮಿಗೆ ಅಲುಗದಂತೆ ತಾಗಿಸಿ ಹಿಡಿದು, ಡ್ರಮ್ಮನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತೇನೆ. ಹತ್ತಿ ಸುತ್ತಿದ ಕಡ್ಡಿ ಕೂಡದು, ಮೇಲೆ ಕೆಳಗೆ ಉಜ್ಜುವುದಂತೂ ಕೂಡಲೇ ಕೂಡದು. ಹೆಡ್ಡಿನ ಸೂಕ್ಷ್ಮವಾದ ತುದಿ ಹತ್ತಿಯ ಎಳೆಗೆ ಸಿಕ್ಕಿ ಮುರಿಯುತ್ತದೆ.

ಇಷ್ಟಾದ ಮೇಲೆಯೇ ಓಡಿಸುವುದು. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತ ಸುರುಳಿ ಸಡಿಲಗೊಂಡು ಸಮನಾಗಲೆಂದು ಮೊದಲು ಕೊನೆಯವರೆಗೆ ಮುಂದಕ್ಕೆ, ಮತ್ತೆ ಆರಂಭಕ್ಕೆ ಸುತ್ತಿಸುತ್ತೇನೆ. ಮೊದಲ ಬಾರಿ ನೋಡುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುವ ವ್ಯವಸ್ಥೆ ಸಿದ್ಧವಿರುತ್ತದೆ, ಏಕೆಂದರೆ ಎರಡನೆಯ ಓಟ ದೊರೆಯುತ್ತದೆಂಬ ಭರವಸೆಯಿಲ್ಲ. ಅಂಗಡಿಯಲ್ಲಿ ಮಾರುತ್ತಿದ್ದ ಚಲನಚಿತ್ರಗಳ ಕ್ಯಾಸೆಟ್‌ಗಳನ್ನು ಮಾತ್ರ ನಾನು ಇಳಿಸಿಕೊಳ್ಳುವುದಿಲ್ಲ, ನೋಡಿ ಇಡುತ್ತೇನೆ. ಮನೆಯ ರೆಕಾರ್ಡಿಂಗ್‌ಗಳಿಗೆ 720×576 ಪಿಕ್ಸೆಲ್ ಅಳತೆಯಲ್ಲಿ, ಮಾಹಿತಿ ನಷ್ಟವಾಗದ ಸಂಕೋಚನದಲ್ಲಿ ಕಡತ ಮಾಡುತ್ತೇನೆ. ವಿಎಚ್‌ಎಸ್ ಚಿತ್ರದ ವಿವರ ಅಡ್ಡಲಾಗಿ ಸುಮಾರು 240 ಗೆರೆಗಳಷ್ಟೇ ಇರುವಾಗ ಇಷ್ಟು ದೊಡ್ಡ ಕಡತವೇಕೆ ಎಂದು ಗೆಳೆಯರು ನಗುತ್ತಾರೆ. ಟೇಪಿನ ಚಿತ್ರದಲ್ಲಿ ಸದಾ ಮಿನುಗುವ ಚುಕ್ಕೆಗಳ ಗದ್ದಲವನ್ನು ಬಿಗಿಯಾಗಿ ಸಂಕೋಚಿಸಿದಾಗ ಮುಖಗಳು ಚೌಕಚೌಕವಾಗಿ ಒಡೆಯುವುದನ್ನು ನೋಡಿದ ಮೇಲೆ ನನಗೆ ಆ ನಗು ತಾಗುವುದಿಲ್ಲ. ಚಿತ್ರದ ಅಂಚು ಬಾಗಿ ಕುಣಿಯುತ್ತಿದ್ದರೆ ಪ್ರತಿ ಗೆರೆಯ ಸಮಯವನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇರುವ ಯಂತ್ರದಲ್ಲಿ ಓಡಿಸುತ್ತೇನೆ. ಚಿತ್ರದ ಅತ್ಯಂತ ಕೆಳಗೆ ಕೆಲವು ಗೆರೆಗಳು ಹರಿದಂತೆ ಕಾಣುವುದು ಎಲ್ಲ ಕ್ಯಾಸೆಟ್‌ಗಳಲ್ಲೂ ಇದ್ದದ್ದೇ: ಒಂದು ಹೆಡ್ಡಿನಿಂದ ಮತ್ತೊಂದಕ್ಕೆ ಸಂಕೇತ ಬದಲಾಗುವ ಜಾಗ ಅದು. ಹಳೆಯ ಟಿವಿಗಳಲ್ಲಿ ಆ ಭಾಗ ಚೌಕಟ್ಟಿನ ಹಿಂದೆ ಅಡಗಿರುತ್ತಿತ್ತು. ಅದನ್ನು ದೋಷವೆಂದು ತಿಳಿದು ನಾನು ಒಂದು ವಾರ, ಹೆಡ್ಡನ್ನು ಓರೆ ಗೆರೆಗಳಿಗೆ ಹೊಂದಿಸುವ ಟ್ರ್ಯಾಕಿಂಗ್ ಗುಂಡಿಯನ್ನು ತಿರುವಿದ್ದುಂಟು.

ಲೇಬಲ್ಲುಗಳನ್ನು ನಂಬಬಾರದು, ಆದರೆ ಎಸೆಯಲೂಬಾರದು. ಒಂದರ ಮೇಲೊಂದು ಹೊಡೆದುಹಾಕಿದ ಮೂರು ಹೆಸರುಗಳಿದ್ದರೆ ಆ ಟೇಪಿನ ಮೇಲೆ ಮೂರು ಬಾರಿ ರೆಕಾರ್ಡ್ ಮಾಡಿದ್ದಾರೆಂದು ಅರ್ಥ, ಮತ್ತು ಹೊಸ ರೆಕಾರ್ಡಿಂಗ್ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಹಿಂದಿನದು ಮೇಲೆದ್ದು ಬರುತ್ತದೆ. ಆದ್ದರಿಂದ ಕಾರ್ಯಕ್ರಮ ಮುಗಿದು ಪರದೆ ಖಾಲಿಯಾದರೂ ನಾನು ನಿಲ್ಲಿಸುವುದಿಲ್ಲ. ಕ್ರೀಡಾಪಂದ್ಯವೆಂದು ಬರೆದಿದ್ದ ಒಂದು ಕ್ಯಾಸೆಟ್ಟಿನ ಕೊನೆಯಲ್ಲಿ, ಪಂದ್ಯ ಕಳೆದು ಒಂದೆರಡು ಕ್ಷಣ ಚುಕ್ಕೆಗಳಾದ ಮೇಲೆ, ಗೆಳತಿಯೊಬ್ಬಳು ಶಾಲಾ ನಾಟಕದ ಮಾತುಗಳನ್ನು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಹನ್ನೊಂದು ನಿಮಿಷಗಳಿದ್ದವು. ಅದನ್ನು ಅಳಿಸಿ ಪಂದ್ಯ ತುಂಬಿಸಿದ್ದು ಅವಳ ಅಣ್ಣ; ಪಂದ್ಯ ಅವನು ಅಂದುಕೊಂಡದ್ದಕ್ಕಿಂತ ಬೇಗ ಮುಗಿದದ್ದರಿಂದ ಅಷ್ಟು ಉಳಿದಿತ್ತು. ಅದರ ಪ್ರತಿಯನ್ನು ಕಳುಹಿಸಿದಾಗ ಅವಳು ಮೊದಲು ಮಾಡಿದ್ದು ಅಣ್ಣನಿಗೆ ಕರೆಮಾಡಿ ಜಗಳವಾಡುವುದನ್ನು.

ಹೀಗೆಯೇ, ಟೇಪಿನ ಒಂದೇ ಜಾಗದಲ್ಲಿ ಚಿತ್ರ ಮಂಕಾಗಿ ಬಿಳಿ ಗೆರೆಗಳು ಓಡಿದರೆ, ಅಲ್ಲಿ ಯಾರೋ ಪದೇ ಪದೇ ಚಿತ್ರವನ್ನು ತಡೆದು ನಿಲ್ಲಿಸುವ ಪಾಸ್ ಗುಂಡಿಯನ್ನು ಒತ್ತಿ ನೋಡಿದ್ದಾರೆಂದು ಊಹಿಸುತ್ತೇನೆ. ಪಾಸ್ ಒತ್ತಿದಾಗ ನಿಲ್ಲುವುದು ಟೇಪು, ಡ್ರಮ್ಮಲ್ಲ. ಅದು ಆ ಒಂದೇ ತುಣುಕನ್ನು ಉಜ್ಜುತ್ತಲೇ ಇರುತ್ತದೆ. ಒಂದು ಮನೆಯವರು ಯಾವುದನ್ನು ಹೆಚ್ಚು ಪ್ರೀತಿಸುತ್ತಿದ್ದರೋ ಅದೇ ಎಲ್ಲಕ್ಕಿಂತ ಹೆಚ್ಚು ಸವೆದಿರುತ್ತದೆ.

ಮನೆಯೊಳಗಿನ ದೃಶ್ಯಗಳೆಂದು ತಿಳಿದ ಕೂಡಲೇ ನೋಡುವುದನ್ನು ನಿಲ್ಲಿಸಿ ಕೊಟ್ಟವರನ್ನು ಕೇಳುತ್ತೇನೆ. ಕೆಲವರು ಪ್ರತಿ ಬೇಡುತ್ತಾರೆ, ಇಬ್ಬರು ಕ್ಯಾಸೆಟ್ಟನ್ನೇ ಮರಳಿ ಪಡೆದಿದ್ದಾರೆ, ಒಬ್ಬರು ನೋಡದೆಯೇ ಅಳಿಸಿಬಿಡಿ ಎಂದರು. ಅಳಿಸಲು ನನಗೆ ಕಷ್ಟವಾಯಿತು, ಆದರೆ ಅಳಿಸಿದೆ.

ಉಳಿದವುಗಳ ಬೆನ್ನಿನ ಮೇಲಿರುವ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿದುಹಾಕುತ್ತೇನೆ, ತಪ್ಪಿಯೂ ಮೇಲೆ ರೆಕಾರ್ಡ್ ಆಗಬಾರದೆಂದು. ಟೇಪನ್ನು ಪೂರ್ತಿ ಒಂದೇ ಸುರುಳಿಗೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿ, ಸ್ಪೀಕರುಗಳ ಅಯಸ್ಕಾಂತದಿಂದ ದೂರದಲ್ಲಿ ಇಡುತ್ತೇನೆ. ನೋಟ್‌ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಒಂದು ಸಾಲು: ಕ್ರಮಸಂಖ್ಯೆ, ಕೊಟ್ಟವರು, ಬಂದ ದಿನ, ಲೇಬಲ್ ಹೇಳುವುದು, ನಿಜವಾಗಿ ಇರುವುದು.

ಒಂದೇ ಚಿತ್ರದ ಕ್ಯಾಸೆಟ್ ಬೇರೆ ಬೇರೆ ಗೆಳೆಯರಿಂದ ನಾಲ್ಕನೆಯ ಬಾರಿ ಬಂದಾಗಲೂ ಬೇಡ ಎನ್ನುವುದಿಲ್ಲ. ಅದರ ಟೇಪು ನನಗೆ ಬೇಕಿಲ್ಲದಿರಬಹುದು, ಆದರೆ ಬಿರುಕಿಲ್ಲದ ಕವಚ, ಸ್ಪ್ರಿಂಗು ಸಡಿಲವಾಗದ ಮುಚ್ಚಳ, ಐದು ಸ್ಕ್ರೂಗಳು ಬೇಕು. ಗೆಳತಿಯ ಹನ್ನೊಂದು ನಿಮಿಷಗಳು ಈಗ ಸುತ್ತಿಕೊಂಡಿರುವುದು ಅಂಥದೊಂದು ಕವಚದೊಳಗೆ. ಬೆನ್ನಿನ ಮೇಲೆ, ಕೂಡುಗೆರೆಯಲ್ಲಿ ಕೊಯ್ದು ಮತ್ತೆ ಅಂಟಿಸಿದ ಹಳೆಯ ಲೇಬಲ್ಲಿನಲ್ಲಿ, ಅವಳ ಅಣ್ಣನ ಅಕ್ಷರದಲ್ಲಿ ಇನ್ನೂ 'ಪಂದ್ಯ' ಎಂದೇ ಇದೆ.