ಎಣಿಸುವ ಬಟನ್ ಮತ್ತು ವೇರಿಯಬಲ್: ನನ್ನ ಅನುಭವ

ಹೊಸಬರಿಗೆ ಜಾವಾಸ್ಕ್ರಿಪ್ಟ್ (ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಹೇಳಿಕೊಡುವಾಗ ನಾನು ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. ಪುಟದಲ್ಲಿ ಒಂದು ಬಟನ್ ಇಡುತ್ತೇನೆ, ಪಕ್ಕದಲ್ಲಿ ಒಂದು ಸೊನ್ನೆ. ಒತ್ತಿದಷ್ಟು ಸಲ ಸಂಖ್ಯೆ ಏರಬೇಕು, ಅಷ್ಟೇ. ವೇರಿಯಬಲ್ ನನಗೆ ಸರಿಯಾಗಿ ಅರ್ಥವಾಗಿದ್ದೂ ಈ ಬಟನ್‌ನಿಂದಲೇ.

ಎಷ್ಟು ಸಲ ಒತ್ತಿದ್ದಾಯಿತು ಅನ್ನುವುದನ್ನು ಪುಟ ಎಲ್ಲಾದರೂ ನೆನಪಿಟ್ಟುಕೊಳ್ಳಬೇಕು, ಅಲ್ವಾ? ಅದಕ್ಕೇ ವೇರಿಯಬಲ್, ಅಂದರೆ ಒಂದು ಬೆಲೆಯನ್ನು ನೆನಪಿಟ್ಟುಕೊಳ್ಳುವ ಹೆಸರು. ‘ಲೆಟ್ ಎಣಿಕೆ = 0’ ಎಂದು ಒಂದು ಸಾಲು, ಲೆಟ್ ಅಂದರೆ ಹೊಸ ವೇರಿಯಬಲ್ ಮಾಡು ಅಂತ. ಬಟನ್ ಒತ್ತಿದಾಗ ಓಡುವ ಫಂಕ್ಷನ್‌ನಲ್ಲಿ (ಒಟ್ಟಿಗೆ ಕಟ್ಟಿಟ್ಟ ಆಜ್ಞೆಗಳ ಗುಂಪಿನಲ್ಲಿ) ‘ಎಣಿಕೆ = ಎಣಿಕೆ + 1’. ಗಣಿತದಲ್ಲಿ ಹೀಗೆ ಬರೆದರೆ ತಪ್ಪು. ಇಲ್ಲಿ ಆ ಚಿಹ್ನೆಗೆ ‘ಸಮ’ ಅನ್ನುವ ಅರ್ಥವಿಲ್ಲ. ಬಲಗಡೆ ಇರುವುದನ್ನು ಲೆಕ್ಕ ಹಾಕು, ಬಂದದ್ದನ್ನು ಎಡಗಡೆಯ ಹೆಸರಿಗೆ ಕೊಡು ಅಂತ ಹೇಳುತ್ತದೆ.

ಈಗ ಆ ಲೆಟ್ ಸಾಲನ್ನು ಫಂಕ್ಷನ್ ಒಳಗೆ ತಂದು ಹಾಕಿ ನೋಡಿ. ಎಷ್ಟು ಒತ್ತಿದರೂ ಪರದೆ ಮೇಲೆ 1 ಮಾತ್ರ. ಬಟನ್ ಕೆಟ್ಟಿಲ್ಲ. ಫಂಕ್ಷನ್ ಓಡಿದಾಗೆಲ್ಲ ಹೊಸದೊಂದು ಎಣಿಕೆ ಹುಟ್ಟುತ್ತದೆ, ಸೊನ್ನೆಯಿಂದ ಶುರುವಾಗಿ 1 ಆಗುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಫಂಕ್ಷನ್ ಹೊರಗಿದ್ದರೆ ಪುಟ ತೆರೆದಿರುವಷ್ಟು ಹೊತ್ತೂ ಉಳಿಯುತ್ತದೆ. ರಿಫ್ರೆಶ್ ಮಾಡಿದರೆ ಅದೂ ಸೊನ್ನೆಗೆ ವಾಪಸ್. ಸ್ಕೋಪ್, ಅಂದರೆ ವೇರಿಯಬಲ್ ಎಲ್ಲೆಲ್ಲಿ ಸಿಗುತ್ತದೆ ಅನ್ನುವುದರ ಬಗ್ಗೆ ಪುಟಗಟ್ಟಲೆ ಓದುವುದಕ್ಕಿಂತ ಈ ಒಂದು ಸಾಲನ್ನು ಆಚೀಚೆ ಸರಿಸಿ ನೋಡಿದರೆ ಜಾಸ್ತಿ ತಿಳಿಯುತ್ತದೆ.

ಮುಂದಿನ ಹೆಜ್ಜೆ, ಎರಡು ಇನ್‌ಪುಟ್ ಬಾಕ್ಸ್ ಇಟ್ಟು ಕೂಡಿಸುವುದು. 5 ಮತ್ತು 3 ಹಾಕಿದರೆ 53 ಬರುತ್ತದೆ! ಬಾಕ್ಸ್‌ನ ವ್ಯಾಲ್ಯೂ ಯಾವಾಗಲೂ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಬಾಕ್ಸ್‌ನ ಟೈಪ್ ನಂಬರ್ ಎಂದು ಕೊಟ್ಟಿದ್ದರೂ ಅಷ್ಟೇ. ಸ್ಟ್ರಿಂಗ್‌ಗಳ ನಡುವೆ ಪ್ಲಸ್ ಬಂದರೆ ಅಂಟಿಸುತ್ತದೆ, ಕೂಡಿಸುವುದಿಲ್ಲ. ಮೈನಸ್ ಹಾಕಿದರೆ ಮಾತ್ರ ಸರಿಯಾಗಿ 2 ಬರುತ್ತದೆ. ತಲೆ ಕೆಡಿಸುವುದೇ ಇದು, ಕಳೆಯುವಾಗ ಸರಿಯಿದ್ದದ್ದು ಕೂಡಿಸುವಾಗ ಕೈಕೊಡುತ್ತದೆ. ಹಾಗಾಗಿ ವ್ಯಾಲ್ಯೂ ತೆಗೆದುಕೊಳ್ಳುವ ಸಾಲಿನಲ್ಲೇ ನಂಬರ್ ಫಂಕ್ಷನ್ ಹಾಕಿ ಸಂಖ್ಯೆ ಮಾಡಿಕೊಳ್ಳುತ್ತೇನೆ, ಆಮೇಲೆ ಮಾಡೋಣ ಅಂತ ಬಿಡುವುದಿಲ್ಲ. ಖಾಲಿ ಬಾಕ್ಸ್ ಕೊಟ್ಟರೆ ಅದು ಸುಮ್ನೆ 0 ಅನ್ನುತ್ತದೆ. ಖಾಲಿಯೋ ಅಲ್ಲವೋ ಅಂತ ಮೊದಲೇ ನೋಡಿಕೊಳ್ಳಬೇಕು.

ಲೆಟ್ ಮತ್ತು ಕಾನ್‌ಸ್ಟ್ (ಆಮೇಲೆ ಬೇರೆ ಬೆಲೆ ಕೊಡಲಾಗದ ವೇರಿಯಬಲ್ ಮಾಡುವ ಪದ) ಬಂದದ್ದು 2015ರಲ್ಲಿ. ಅದಕ್ಕೂ ಮುಂಚೆ ವೇರಿಯಬಲ್ ಮಾಡಲು ಇದ್ದದ್ದು ವಾರ್ ಒಂದೇ. ಇಫ್ (ಷರತ್ತು ಹಾಕುವುದು) ಅಥವಾ ಫಾರ್‌ನ (ಮತ್ತೆ ಮತ್ತೆ ಓಡಿಸುವುದು) ಆವರಣದೊಳಗೆ ವಾರ್ ಬರೆದರೂ ಅದು ಹೊರಗೆ ಸೋರುತ್ತದೆ. ಹಳೆಯ ಕೋಡ್ ಓದಲು ಗೊತ್ತಿದ್ದರೆ ಸಾಕು, ಹೊಸದಾಗಿ ನಾನಂತೂ ಬರೆಯುವುದಿಲ್ಲ. ಎಲ್ಲವನ್ನೂ ಕಾನ್‌ಸ್ಟ್ ಎಂದೇ ಶುರು ಮಾಡಿ, ಮುಂದೆ ಬದಲಾಗಲೇಬೇಕು ಅನ್ನಿಸಿದರೆ ಲೆಟ್ ಮಾಡುತ್ತೇನೆ. ಕಾನ್‌ಸ್ಟ್ ಆಗಿರುವ ಅರೇಗೆ (ಬೆಲೆಗಳ ಪಟ್ಟಿಗೆ) ಪುಶ್ ಮಾಡಿದರೆ, ಅಂದರೆ ಕೊನೆಗೆ ಇನ್ನೊಂದನ್ನು ಹಾಕಿದರೆ, ಹೇಗೆ ಸೇರುತ್ತದೆ ಎಂದು ಕೇಳುತ್ತಾರೆ. ಕಾನ್‌ಸ್ಟ್ ಅಂಟಿಸಿದ ಹೆಸರುಚೀಟಿ ಇದ್ದ ಹಾಗೆ. ಚೀಟಿ ಕಿತ್ತು ಇನ್ನೊಂದಕ್ಕೆ ಹಚ್ಚುವಂತಿಲ್ಲ, ಒಳಗಿರುವುದು ಬದಲಾದರೆ ತಕರಾರಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಲೆಟ್, ಕಾನ್‌ಸ್ಟ್‌ಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ವೇರಿಯಬಲ್‌ನ ಹೆಸರು ಮಾತ್ರ ಕನ್ನಡದಲ್ಲಿದ್ದರೂ ನಡೆಯುತ್ತದೆ. ‘ಎಣಿಕೆ’, ‘ಒಟ್ಟು’ ಎಲ್ಲ ಬ್ರೌಸರ್‌ಗೆ ಒಪ್ಪಿಗೆಯೇ. ಒಂದು ಕಾಟ ಇದೆ. ಒತ್ತಕ್ಷರ ಆಗದಂತೆ ತಡೆಯಲು ನಾವು ಟೈಪ್ ಮಾಡುವ ಕಾಣದ ಅಕ್ಷರವೂ ಹೆಸರಿನ ಭಾಗವಾಗಿಬಿಡುತ್ತದೆ. ‘ಬಟನ್‌ಎಣಿಕೆ’ ಎಂದು ಒಂದು ಕಡೆ ಅದನ್ನು ಹಾಕಿ, ಇನ್ನೊಂದು ಕಡೆ ಬಿಟ್ಟರೆ ಕಣ್ಣಿಗೆ ಎರಡೂ ಒಂದೇ. ಬ್ರೌಸರ್‌ಗೆ ಬೇರೆ ಬೇರೆ, ಇಂಥ ಹೆಸರೇ ಇಲ್ಲ ಎಂದು ಕನ್ಸೋಲ್‌ನಲ್ಲಿ (ಬ್ರೌಸರ್ ತಪ್ಪುಗಳನ್ನು ತೋರಿಸುವ ಜಾಗದಲ್ಲಿ) ಕೆಂಪು ಸಾಲು ಬರುತ್ತದೆ. ಆದ್ದರಿಂದ ಕನ್ನಡದ ಹೆಸರು ಬೇಕೆಂದರೆ ‘ಒಟ್ಟು’ವಿನಂಥ ಪುಟ್ಟದನ್ನು ಇಟ್ಟುಕೊಳ್ಳಿ, ಎರಡು ಪದ ಜೋಡಿಸುವುದಾದರೆ ನಡುವೆ ಅಂಡರ್‌ಸ್ಕೋರ್ ಹಾಕಿ.